ಕಾಗೋಡಿನ ಕೊಳಗ

ರಾಜ್ಯಾಂಗಶಾಸ್ತ್ರದ ಮಾತೆತ್ತಿದೊಡನೆ ವಿದ್ಯಾವಂತರ ಮನಸ್ಸು ಸಾಮಾನ್ಯವಾಗಿ ಕಡಲು ದಾಟಿ ಹೋಗುವುದು. 1215ರಲ್ಲಿ ಇಂಗ್ಲೆಂಡಿನ ಪ್ರಭುಗಳು ಜಾನ್ ದೊರೆಯಿಂದ ಪಡೆದುಕೊಂಡ ಮಹಾಸನ್ನದು, 1776ರಲ್ಲಿ ಅಮೆರಿಕದ ಹದಿಮೂರು ವಸಾಹತುಗಳು ಸಾರಿದ ಸ್ವಾತಂತ್ರ್ಯದ ಘೋಷಣೆ, 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಿದ್ಧವಾದ ಸಂಯುಕ್ತ ಸಂಸ್ಥಾನಗಳ ಸಂವಿಧಾನ, ಇವೇ ಮೊದಲು ನೆನಪಿಗೆ ಬರುವುವು. ಇವು ಮಾನವಕುಲಕ್ಕೆ ಉಪಕಾರ ಮಾಡಿದ ಲೇಖನಗಳೇ ಸರಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯವರು ಪ್ರಜೆಗಳ ಹಕ್ಕೆಂಬುದರ ಬುಡವನ್ನು ನೋಡಬೇಕೆಂದರೆ ಅಷ್ಟು ದೂರದಿಂದ ಹೊರಡಬೇಕಾಗಿಲ್ಲ. ಹೆಗ್ಗೋಡಿನಂತೆಯೇ ಸಾಗರ ತಾಲ್ಲೂಕಿಗೆ ಸೇರಿದ ಕಾಗೋಡೆಂಬ ಗ್ರಾಮದ ಕಣದಲ್ಲಿ ಬತ್ತ ಅಳೆಯುತ್ತಿದ್ದ ಒಂದು ಪಾತ್ರೆಯಿಂದ ಹೊರಟರೆ ಸಾಕು. ದಾರಿ ತಾನಾಗಿ ಫಿಲಡೆಲ್ಫಿಯಾವರೆಗೂ ಹೋಗುತ್ತದೆ.

ಆ ಪಾತ್ರೆಗೆ ಕೊಳಗವೆಂದು ಹೆಸರು. ಇಪ್ಪತ್ತು ಕೊಳಗ ಕೂಡಿದರೆ ಒಂದು ಖಂಡುಗವೆಂಬುದು ಬಹುಕಾಲದಿಂದ ಬಂದ ಲೆಕ್ಕ. ಆದರೆ ಕೊಳಗವೊಂದಕ್ಕೆ ಎಷ್ಟು ಸೇರು ಹಿಡಿಯುವುದೆಂಬುದು ಸೀಮೆಯಿಂದ ಸೀಮೆಗೆ, ಊರಿಂದ ಊರಿಗೆ, ಎಷ್ಟೋ ವೇಳೆ ಮನೆಯಿಂದ ಮನೆಗೆ ಬೇರೆಯಾಗುತ್ತಿತ್ತು. ಪಾತ್ರೆ ಒಂದೇ ಆದರೂ ಅಳೆಯುವ ಕೈ ಬೇರೆಯಾದರೆ ಫಲ ಬೇರೆ: ಬಾಯಿಯ ಸಮಕ್ಕೆ ಗೀಚಿ ಅಳೆಯುವುದು ಒಂದು ಬಗೆ, ಗೋಪುರದಂತೆ ಏರಿಸಿ ಅಳೆಯುವುದು ಇನ್ನೊಂದು ಬಗೆ. ವರ್ಷಕ್ಕೆ ಇಪ್ಪತ್ತು ಖಂಡುಗ ಗೇಣಿ ಕೊಡಬೇಕಾದ ಒಕ್ಕಲು ನಾನೂರು ಕೊಳಗ ಅಳೆದುಕೊಡಬೇಕು. ಕೊಳಗಕ್ಕೆ ಎಂಟನೆಯ ಒಂದು ಪಾಲು ಹೆಚ್ಚು ಹಿಡಿಯುವ ಪಾತ್ರೆ ಕಣಕ್ಕೆ ಬಂದಿತೆಂದರೆ ಐವತ್ತು ಕೊಳಗ, ಎಂದರೆ ಎರಡೂವರೆ ಖಂಡುಗ ಬತ್ತ, ಒಂದು ಮಾತೂ ಆಡದೆ ಒಕ್ಕಲಿನ ಮನೆಯಿಂದ ಒಡೆಯನ ಕಣಜಕ್ಕೆ ಹೋಗುವುದು. ಗೇಣಿಯನ್ನು ಏರಿಸಿದರೆ ಜಗಳವಾದೀತು. ಕೊಳಗ ದೊಡ್ಡದಾದರೆ ಜಗಳಕ್ಕೆ ಹೆಸರೇ ಇರುವುದಿಲ್ಲ.

ಅಳತೆಯ ಈ ವ್ಯಾಜ್ಯ ಮಲೆನಾಡಿನಲ್ಲಿ ಹುಟ್ಟಿದುದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತಕ್ಕಡಿ, ಅಳತೆ, ತೂಕದ ಕಲ್ಲುಗಳಿಗೆ ರಾಜನು ಗುರುತು ಹಾಕಿಸಿ ಆರಾರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ವಿಧಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಕಾರ್ಯಕ್ಕೆ ಪೌತವಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಒತ್ತಿಸುವುದು ಅವನ ಕೆಲಸ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ಶೋಧಿಸಿ 1909ರಲ್ಲಿ ಮುದ್ರಿಸಿದ ಮೇಲೆ ಪಂಡಿತರು ಅದರಲ್ಲಿನ ಷಾಡ್ಗುಣ್ಯವನ್ನೂ ಗೂಢಚಾರರ ವಿಷಯವನ್ನೂ ವಿಸ್ತಾರವಾಗಿ ಚರ್ಚಿಸಿರುವರು. ಅಳತೆಯ ಪ್ರಕರಣವನ್ನು ನಿಂತು ಓದಿದವರು ಕಡಮೆ. ಅಲ್ಲಿ ದ್ರೋಣವೆಂಬ ಧಾನ್ಯದ ಅಳತೆಯನ್ನು ಕೌಟಿಲ್ಯನು ಒಂದೇ ಎಂದು ಹೇಳಿರುವುದಿಲ್ಲ, ನಾಲ್ಕೆಂದು ಹೇಳಿರುವನು. ರಾಜನಿಗೆ ಆದಾಯ ಬರುವಾಗ ದ್ರೋಣಕ್ಕೆ 200 ಪಲ. ವ್ಯಾಪಾರದಲ್ಲಿ ನೂರೆಂಭತ್ತೇಳೂವರೆ ಪಲ. ಭೃತ್ಯರಿಗೆ ಕೊಡುವಾಗ 175 ಪಲ. ಅಂತಃಪುರದ ವೆಚ್ಚಕ್ಕೆ ನೂರಅರವತ್ತೆರಡೂವರೆ ಪಲ. ಎಂದರೆ, ರಾಜನು ಒಂದು ದ್ರೋಣ ಕೊಟ್ಟು ಒಂದು ದ್ರೋಣ ತೆಗೆದುಕೊಂಡರೆ, ಏಳು ಕೊಟ್ಟು ಎಂಟು ತೆಗೆದುಕೊಂಡಂತಾಯಿತು. ಅರ್ಥಶಾಸ್ತ್ರಕಾರನು ಇದನ್ನು ಬಚ್ಚಿಡದೆ ಬಹಿರಂಗವಾಗಿ ಬರೆದಿಟ್ಟನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಆದರೂ ತೆಗೆದುಕೊಳ್ಳುವ ದ್ರೋಣ ಬೇರೆ, ಕೊಡುವ ದ್ರೋಣ ಬೇರೆ ಎಂಬ ನ್ಯಾಯವು ಅಷ್ಟು ದೊಡ್ಡ ಗ್ರಂಥದಲ್ಲಿ ಪ್ರತಿಷ್ಠಿತವಾಗಿರುವಾಗ ಹಳ್ಳಿಯ ಒಡೆಯನೊಬ್ಬನನ್ನೇ ದೂಷಿಸುವುದು ಸಲ್ಲದು.

ಇದೇ ಮಲೆನಾಡಿನ ಅರಸರಲ್ಲಿ ಒಬ್ಬನು ಈ ಬಾಬಿನಲ್ಲಿ ಬೇರೆ ದಾರಿ ಹಿಡಿದಿದ್ದನು. ಕೆಳದಿಯ ಶಿವಪ್ಪನಾಯಕನು 1645ರಿಂದ 1660ರವರೆಗೆ ರಾಜ್ಯವಾಳಿದವನು. ಅವನ ಹೆಸರಿನ ಶಿಸ್ತು ಇಂದಿಗೂ ಗಾದೆಯ ಮಾತಾಗಿದೆ. ಆ ಗಾದೆಯೊಳಗಿನ ಕೆಲಸ ಮಾತ್ರ ಅಷ್ಟಾಗಿ ತಿಳಿದಿಲ್ಲ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರದ ಭೂಮಿಯಲ್ಲಿ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷಗಳ ಕಾಲ ತನ್ನ ಸ್ವಂತ ಖರ್ಚಿನಿಂದ ಸಾಗುಮಾಡಿಸಿ, ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬೆಳೆದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಲೆಕ್ಕವಿಡಿಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಮನೆಗೆ ನಿಗದಿಮಾಡಿದನೆಂದು ತಿಳಿದುಬರುತ್ತದೆ. ತೆರಿಗೆ ಹೇರುವ ಮೊದಲು ಅರಸನೇ ಒಕ್ಕಲಾಗಿ ಹನ್ನೆರಡು ಮಳೆಗಾಲ ಕಳೆದನೆಂದು ಇದರ ಅರ್ಥ. ಅರಸನ ಬಾಯಿಯ ಮಾತನ್ನು ಬಿಟ್ಟು ಗದ್ದೆಯ ಮಾತನ್ನು ಪ್ರಮಾಣವಾಗಿ ಹಿಡಿದ ಈ ವ್ಯವಸ್ಥೆಯನ್ನು ಮುಂದಿನವರು ಬಹುಕಾಲ ಹೊಗಳಿದರು.

ಆದರೆ ಶಿಸ್ತು ಅರಸನ ಗುಣವಾಗಿದ್ದಿತೇ ಹೊರತು ಪ್ರಜೆಯ ಹಕ್ಕಾಗಿರಲಿಲ್ಲ. ಅರಸನು ಬದಲಾದರೆ ಅಳತೆಯೂ ಬದಲಾಗಬಹುದಾಗಿತ್ತು. ಹಾಗೆಯೇ ಆಯಿತು.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರ ಮೇಲೆ ಮೈಸೂರು ಒಡೆಯರ ರಾಜ್ಯದಲ್ಲಿ ನಗರದ ಫೌಜುದಾರಿಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶರತ್ತಿನ ಪದ್ಧತಿ ನಡೆಯುತ್ತಿತ್ತು. ತನ್ನ ತಾಲ್ಲೂಕಿನಿಂದ ಇಷ್ಟು ಹಣ ಒಪ್ಪಿಸುವೆನೆಂದು ಅಮಲ್ದಾರನು ಸರ್ಕಾರಕ್ಕೆ ಕರಾರು ಬರೆದುಕೊಡುವುದು. ಆ ಮೊಬಲಗನ್ನು ರೈತರಿಂದ ಹೇಗೆ ತರುವನೆಂಬುದು ಅವನಿಗೆ ಬಿಟ್ಟ ವಿಷಯ. ಅಳೆಯುವವನೂ ವಸೂಲು ಮಾಡುವವನೂ ದೂರು ಕೇಳುವವನೂ ಒಬ್ಬನೇ ಆದಮೇಲೆ ದೂರಿಗೆ ಏನು ಗತಿಯಾಗುವುದೆಂದು ಬೇರೆ ಹೇಳಬೇಕಾಗಿಲ್ಲ. 1830ರ ಆಗಸ್ಟ್ ತಿಂಗಳಿನಲ್ಲಿ ನಗರ ಸೀಮೆಯ ರೈತರು ಆನಂದಪುರದ ಬಳಿಯ ಹೊಸಂತೆಯಲ್ಲಿ ಕೂಟ ಸೇರಿದರು. ಬೇರೆ ಸೀಮೆಯ ರೈತರಿಗೂ ಓಲೆ ಹೋಯಿತು. ಕೂಟವೆಂಬ ಮಾತೇ ಆ ಕಾಲದ ಸರ್ಕಾರಿ ಕಾಗದಗಳಲ್ಲಿ ದಂಗೆಗೆ ಪರ್ಯಾಯಪದವಾಗಿಬಿಟ್ಟಿತು. ಬೂದಿ ಬಸಪ್ಪನೆಂಬವನು ನಗರದ ದೊರೆತನಕ್ಕೆ ತಾನೇ ಹಕ್ಕುದಾರನೆಂದು ಮುಂದೆ ಬಂದುದರಿಂದಲೂ, ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಸೇರಿಕೊಂಡುದರಿಂದಲೂ ರೈತರ ದೂರು ಅರಸೊತ್ತಿಗೆಯ ಯುದ್ಧವಾಗಿ ತಿರುಗಿತು. 1831ರ ಜೂನ್‌ನಲ್ಲಿ ಬ್ರಿಟಿಷ್ ಸೇನೆ ನಗರವನ್ನು ಹಿಡಿಯಿತು. ಅಕ್ಟೋಬರಿನಲ್ಲಿ ರಾಜ್ಯಭಾರವೇ ಒಡೆಯರ ಕೈತಪ್ಪಿ ಕಮೀಷನರ ಆಡಳಿತ ಬಂತು. ಆಮೇಲೆ ಗವರ್ನರ್ ಜನರಲ್ ಬೆಂಟಿಂಕನು ವಿಚಾರಣೆಗೆ ನೇಮಿಸಿದ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು 1833ರಲ್ಲಿ ವರದಿ ಕೊಟ್ಟಿತು. ರೈತರು ಕೇಳಿದುದು ತೆರಿಗೆಯ ನ್ಯಾಯ. ಅವರಿಗೆ ದೊರೆತುದು ಐವತ್ತು ವರ್ಷಗಳ ಪರರ ಆಡಳಿತ.

ಇದಕ್ಕೆ ಸರಿಸಮನಾದ ಒಂದು ಪ್ರಸಂಗ ಅಮೆರಿಕದಲ್ಲಿ ನಾಲ್ಕು ದಶಕ ಮೊದಲೇ ನಡೆದಿತ್ತು. 1786ರಲ್ಲಿ, ಎಂದರೆ ಸ್ವಾತಂತ್ರ್ಯ ಘೋಷಣೆಯಾದ ಹತ್ತೇ ವರ್ಷಕ್ಕೆ, ಮಸಾಚುಸೆಟ್ಸ್ ಸಂಸ್ಥಾನದ ಒಕ್ಕಲಿಗರು ಸಾಲದಿಂದಲೂ ತೆರಿಗೆಯಿಂದಲೂ ನೊಂದು, ಜಮೀನು ಹರಾಜಿಗೆ ಅಪ್ಪಣೆ ಕೊಡುವ ನ್ಯಾಯಾಲಯಗಳು ಸೇರದಂತೆ ಅಡ್ಡಗಟ್ಟಿ ನಿಂತರು. ಅವರಲ್ಲಿ ಅನೇಕರು ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿ ಬಂದ ಸಿಪಾಯಿಗಳು. ನಾಯಕನಾದ ಡೇನಿಯಲ್ ಷೇಸ್ ಎಂಬವನು ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. ದಂಗೆಯನ್ನು ಬಲದಿಂದ ಅಡಗಿಸಲಾಯಿತು. ಆದರೆ ಅದು ಹುಟ್ಟಿಸಿದ ಗಾಬರಿಯೂ ಸೇರಿ ಮರುವರ್ಷ ಫಿಲಡೆಲ್ಫಿಯಾದಲ್ಲಿ ಸಂಸ್ಥಾನಗಳ ಪ್ರತಿನಿಧಿಗಳು ಸಭೆ ಸೇರುವುದಕ್ಕೆ ಕಾರಣವಾಯಿತು. ನಗರದ ದಂಗೆಯಿಂದ ಅರಸು ಹೋಗಿ ಕಮೀಷನರು ಬಂದನು; ಮಸಾಚುಸೆಟ್ಸಿನ ದಂಗೆಯ ನಂತರ ಒಂದು ಸಂವಿಧಾನ ಬಂತು. ಈ ಅಂತರಕ್ಕೆ ಕಾರಣ ಜನರ ಧೈರ್ಯದಲ್ಲಿಲ್ಲ. ಆ ಕಡೆ ಜನರು ಆಗಲೇ ತಮ್ಮ ಸರ್ಕಾರವನ್ನು ತಾವೇ ರಚಿಸಿಕೊಳ್ಳುವ ಅಧಿಕಾರವನ್ನು ಗೆದ್ದುಕೊಂಡಿದ್ದರು. ಈ ಕಡೆ ಅದರ ಕಲ್ಪನೆಯೂ ಇನ್ನೂ ಬೆಳೆದಿರಲಿಲ್ಲ.

1787ರ ಸೆಪ್ಟೆಂಬರ್ 17ರಂದು 39 ಮಂದಿ ರುಜು ಹಾಕಿದ ಆ ಸಂವಿಧಾನದ ಮುಖ್ಯ ತತ್ತ್ವ ವಾಚಕರಿಗೆ ತಿಳಿದಿರುವುದಷ್ಟೆ: ಶಾಸನ ಮಾಡುವ ಕೈ, ಅದನ್ನು ನಡೆಸುವ ಕೈ, ನ್ಯಾಯ ಹೇಳುವ ಕೈ ಮೂರೂ ಬೇರೆ ಬೇರೆ ಇರಬೇಕು. ಶರತ್ತಿನ ಅಮಲ್ದಾರನಿಗೆ ತೀರ ವಿರುದ್ಧವಾದ ಏರ್ಪಾಡು ಇದು. ಅಷ್ಟಕ್ಕೂ ತೃಪ್ತರಾಗದೆ ಹಲವು ಸಂಸ್ಥಾನಗಳು ಹಕ್ಕುಗಳ ಪಟ್ಟಿಯನ್ನು ಬರೆದು ಸೇರಿಸಬೇಕೆಂದು ಹಟ ಹಿಡಿದುದರಿಂದ 1791ರ ಡಿಸೆಂಬರಿನಲ್ಲಿ ಹತ್ತು ತಿದ್ದುಪಡಿಗಳು ಜಾರಿಗೆ ಬಂದುವು. ಮತ, ವಾಕ್ಕು, ಮುದ್ರಣ, ಸಭೆ ಸೇರುವುದು, ದೂರು ಸಲ್ಲಿಸುವುದು ಇವುಗಳ ಸ್ವಾತಂತ್ರ್ಯವು ಮೊದಲನೆಯದರಲ್ಲಿಯೇ ಇದೆ. ಹೊಸಂತೆಯ ಕೂಟದವರು ಮಾಡಿದುದು ಈ ಕೊನೆಯ ಎರಡೇ ಕೆಲಸಗಳನ್ನು.

ಇವೆಲ್ಲಕ್ಕಿಂತಲೂ ಕೊಳಗದ ದೃಷ್ಟಿಯಿಂದ ನೋಡುವವನಿಗೆ ಬೇರೊಂದು ವಾಕ್ಯ ಕಾಣಿಸುವುದು. ತೂಕ ಅಳತೆಗಳ ಪ್ರಮಾಣವನ್ನು ನಿಗದಿಮಾಡುವ ಅಧಿಕಾರ ಪ್ರಜಾಪ್ರತಿನಿಧಿಗಳ ಕಾಂಗ್ರೆಸ್ಸಿಗೆ ಸೇರಿದುದೆಂದು ಆ ಸಂವಿಧಾನದ ಮೊದಲನೆಯ ಪ್ರಕರಣದಲ್ಲಿಯೇ ಬರೆದಿದೆ. ಇಂಗ್ಲೆಂಡಿನ ಮಹಾಸನ್ನದಿನಲ್ಲಿಯೂ ದ್ರಾಕ್ಷಾರಸಕ್ಕೆ, ಧಾನ್ಯಕ್ಕೆ, ಬಟ್ಟೆಯ ಪನ್ನಕ್ಕೆ ರಾಜ್ಯದಲ್ಲೆಲ್ಲ ಒಂದೇ ಅಳತೆಯಿರಬೇಕೆಂಬ ಕಲಮು ಉಂಟು. ಭಾರತ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯ 50ನೆಯ ಬಾಬೂ ಇದೇ. ಸ್ವಾತಂತ್ರ್ಯ, ಸಮಾನತೆ ಎಂಬ ಘನವಾದ ಶಬ್ದಗಳ ಪಕ್ಕದಲ್ಲಿ ಸೇರು ಪಾವುಗಳ ಮಾತು ಕ್ಷುಲ್ಲಕವೆಂದು ತೋರಬಹುದು. ಆದರೆ ಕಾನೂನು ರಚಿಸಿದವರು ಅನುಭವಸ್ಥರು; ಬಲವಂತನು ಬಡವನನ್ನು ಮೊದಲು ಮುಟ್ಟುವುದು ಎಲ್ಲಿಯೆಂದು ಅವರಿಗೆ ಗೊತ್ತಿತ್ತು.

ಹಾಗೆಂದು ಫಿಲಡೆಲ್ಫಿಯಾದ ಸಂವಿಧಾನವನ್ನು ಪೂಜೆಗೆ ಇಡತಕ್ಕದ್ದಲ್ಲ. ಅದೇ ಮೊದಲನೆಯ ಪ್ರಕರಣದಲ್ಲಿ ಒಂದು ಸುಳ್ಳು ಕೊಳಗವನ್ನು ಅವರು ತಾವೇ ಮಾಡಿಟ್ಟರು. ಯಾವ ಸಂಸ್ಥಾನಕ್ಕೆ ಎಷ್ಟು ಪ್ರತಿನಿಧಿಗಳೆಂದು ಜನಸಂಖ್ಯೆಯಿಂದ ಎಣಿಸುವಾಗ ಸ್ವತಂತ್ರರಾದವರನ್ನು ಪೂರ್ತಿಯಾಗಿಯೂ, ಇತರರನ್ನು ಐದರಲ್ಲಿ ಮೂರು ಪಾಲೆಂದೂ ಲೆಕ್ಕ ಹಿಡಿಯತಕ್ಕದ್ದು. ಈ ಇತರರು ಗುಲಾಮರು. ಆ ಶಬ್ದವನ್ನು ಬರೆಯಲು ನಾಚಿ ಬರೆಯದೆ ಬಿಟ್ಟರು. ಹೀಗೆ ಸೇರಿಸಿದ ಸಂಖ್ಯೆಯ ಫಲವಾದರೂ ಗುಲಾಮರಿಗೆ ಹೋಗಲಿಲ್ಲ, ಅವರ ಒಡೆಯರಿದ್ದ ಸಂಸ್ಥಾನಗಳಿಗೆ ಹೋಯಿತು. ಒಕ್ಕಲಿನ ಬತ್ತದಿಂದಲೇ ಒಡೆಯನ ಕೊಳಗ ತುಂಬಿದಂತೆ. ಆ ಅಳತೆಯನ್ನು ಅಳಿಸುವುದಕ್ಕೆ ಒಂದು ಅಂತರ್ಯುದ್ಧವೂ, 1865ರಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ ಹದಿಮೂರನೆಯ ತಿದ್ದುಪಡಿಯೂ, 1868ರ ಹದಿನಾಲ್ಕನೆಯ ತಿದ್ದುಪಡಿಯೂ ಬೇಕಾದುವು.

ಮೈಸೂರಿನಲ್ಲಿ ರಾಜ್ಯಾಂಗದ ಬೆಳವಣಿಗೆ ನಿಧಾನವಾಗಿ ನಡೆಯಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ದೇಶೀಯ ಸಂಸ್ಥಾನಗಳಲ್ಲಿ ಇದು ಅಪೂರ್ವವಾದ ಕಾರ್ಯ. ಆಡಳಿತದ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕಷ್ಟಗಳನ್ನು ಬಿನ್ನವಿಸಿಕೊಳ್ಳುವುದು, ಇಷ್ಟೇ ಅದರ ಕೆಲಸವಾಗಿತ್ತಾದರೂ ದೂರು ಹೇಳುವುದು ದಂಗೆಯಲ್ಲವೆಂಬುದು ಅಲ್ಲಿ ಸ್ಥಿರಪಟ್ಟಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಎರಡು ಸಭೆಗಳಿಗೂ ಹೆಚ್ಚಿನ ಅಧಿಕಾರ ಬಂತು. ಆದರೆ ಮತದಾನಕ್ಕೆ ಯೋಗ್ಯತೆಯೇನು? ಮುಖ್ಯವಾಗಿ ಕಂದಾಯ. ಇಷ್ಟು ಕಂದಾಯ ಕೊಡುವವನಿಗೆ ಮತ. ಗೇಣಿದಾರನು ಗದ್ದೆ ಉತ್ತು ಬೆಳೆದು ಅಳೆದುಕೊಟ್ಟರೂ ಕಂದಾಯದ ಪುಸ್ತಕದಲ್ಲಿ ಅವನ ಹೆಸರಿಲ್ಲ. ಆದಕಾರಣ ಅವನು ಸಭೆಯ ಲೆಕ್ಕಕ್ಕೂ ಬರಲಿಲ್ಲ. ಅಮೆರಿಕದಲ್ಲಿ ಐದರಲ್ಲಿ ಮೂರು ಪಾಲಾದರೂ ಎಣಿಸಿದರು, ಇಲ್ಲಿ ಸೊನ್ನೆ.

1947ರ ಸೆಪ್ಟೆಂಬರಿನ ಮೈಸೂರು ಚಲೋ ಚಳವಳಿಯ ಮೇಲೆ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರವಾಯಿತು. 1949ರ ನವೆಂಬರ್ 25ರಂದು ಜಯಚಾಮರಾಜೇಂದ್ರ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಿಸಿದರು. 1950ರ ಜನವರಿ 26ರಿಂದ ಕಾಗೋಡಿನ ಗೇಣಿದಾರನೂ ಅವನ ಒಡೆಯನೂ ಕಾನೂನಿನ ಮುಂದೆ ಸಮಾನರು. ಬಿಟ್ಟಿ ದುಡಿಮೆಯನ್ನು 23ನೆಯ ವಿಧಿ ನಿಷೇಧಿಸಿತು. ಶಾಸನದ ಆಧಾರವಿಲ್ಲದೆ ತೆರಿಗೆ ಹಾಕಕೂಡದೆಂದು 265ನೆಯ ವಿಧಿ ಹೇಳಿತು. ಕಾಗದದ ಮೇಲೆ ಎಲ್ಲವೂ ಆಯಿತು. ಕಣಕ್ಕೆ ಬಂದ ಕೊಳಗ ಮಾತ್ರ ಹಳೆಯದೇ.

ಕಾಗೋಡಿನ ಗೇಣಿದಾರರು ಬಹುಮಟ್ಟಿಗೆ ದೀವರ ಜನಾಂಗದವರು. ಎಚ್. ಗಣಪತಿಯಪ್ಪನವರು ಸಾಗರದ ಸೀಮೆಯಲ್ಲಿ ರೈತಸಂಘವನ್ನು ಕಟ್ಟಿ, ಗೇಣಿಗೆ ರಸೀತಿ ಬೇಕು, ಕೊಳಗ ನ್ಯಾಯವಾದುದಾಗಿರಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು ಎಂದು ಹೇಳಿಕೊಟ್ಟರು. ರಸೀತಿಯ ಬೇಡಿಕೆ ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ ಅದರಲ್ಲಿಯೇ ಎಲ್ಲವೂ ಅಡಗಿದೆ. ರಸೀತಿಯಿಲ್ಲದ ಗೇಣಿದಾರನು ಎಷ್ಟು ವರ್ಷ ಉತ್ತಿದ್ದರೂ ನ್ಯಾಯಾಲಯದ ಕಣ್ಣಿಗೆ ಆ ಗದ್ದೆಗೆ ಕಾಲಿಟ್ಟವನೇ ಅಲ್ಲ. ಒಡೆಯರು ಒಪ್ಪಲಿಲ್ಲ; ಗೇಣಿದಾರರು ಗದ್ದೆಯಿಂದ ಹೊರಬಿದ್ದರು. 1951ರ ಏಪ್ರಿಲ್ 18ರಂದು ನೇಗಿಲು ಹೊತ್ತು ನಿಷಿದ್ಧವಾದ ಗದ್ದೆಗೆ ಇಳಿಯುವುದರಿಂದ ಸತ್ಯಾಗ್ರಹ ಮೊದಲಾಯಿತು. ದಿನದಿನವೂ ಒಂದೊಂದು ತಂಡ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸಮಾಜವಾದಿ ಪಕ್ಷದವರಾದ ಶಾಂತವೇರಿ ಗೋಪಾಲಗೌಡರು ಚಳವಳಿಯ ಮುಂದಾಳ್ತನವನ್ನು ವಹಿಸಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಸೇರಿ ಸಾಗರದಲ್ಲಿ ಬಂಧಿತರಾದ ಮೇಲೆ ಕಾಗೋಡಿನ ಹೆಸರು ದೇಶದಲ್ಲೆಲ್ಲ ಕೇಳಿಬಂತು.

ನೂರಾಇಪ್ಪತ್ತು ವರ್ಷ ಹಿಂದೆ ಇದೇ ಸೀಮೆಯಲ್ಲಿ ಕೂಟ ಸೇರಿದವರ ದೂರಿಗೂ ಈ ದೂರಿಗೂ ಬಲು ಸಾಮ್ಯವಿದೆ; ಎರಡೂ ಅಳೆಯುವವನ ಮೇಲಣ ದೂರುಗಳು. ಆದರೆ ಈ ಬಾರಿ ಬೂದಿ ಬಸಪ್ಪನೊಬ್ಬನು ಸಿಂಹಾಸನಕ್ಕಾಗಿ ಮುಂದೆ ಬರಬೇಕಾಗಲಿಲ್ಲ. ಗೇಣಿದಾರರು ಕೇಳಿದುದು ಅರಸನ ದಯೆಯನ್ನಲ್ಲ. ಬರೆದಿಟ್ಟ ಹಕ್ಕನ್ನು ನಡೆಸಿಕೊಡಿರೆಂದು. ಬಂದೂಕು ಹಿಡಿಯದೆ ನೇಗಿಲು ಹಿಡಿದದ್ದೂ ಆ ಕಾರಣದಿಂದಲೇ ಎನ್ನಬೇಕು.

ಆ ಹೊತ್ತಿಗೆ ದಿಲ್ಲಿಯಲ್ಲಿ ನಡೆಯುತ್ತಿದ್ದುದನ್ನು ಕಾಗೋಡಿನ ಜೊತೆ ಇಟ್ಟು ಓದಿದವರು ವಿರಳ. ಸಂವಿಧಾನದ 31ನೆಯ ವಿಧಿ ಆಸ್ತಿಯ ಹಕ್ಕನ್ನು ಕಾಪಾಡುತ್ತಿತ್ತು. ಜಮೀನುದಾರಿಯನ್ನು ತೆಗೆಯಲು ಬಿಹಾರ ಸರ್ಕಾರ ಮಾಡಿದ ಶಾಸನವನ್ನು, ಸಮಾನತೆಯ ವಿಧಿಗೆ ವಿರುದ್ಧವೆಂದು, ಪಾಟ್ನಾ ಉಚ್ಚ ನ್ಯಾಯಾಲಯ 1951ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಸಮಾನತೆಯ ಹಕ್ಕಿನ ಆಶ್ರಯವನ್ನು ಪಡೆದವನು ಜಮೀನುದಾರ! ಇಂತಹದೊಂದು ಆದೀತೆಂಬ ಶಂಕೆ ಮೊದಲೇ ಇತ್ತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು, ಮಂಗಳೂರಿನಲ್ಲಿ ಹುಟ್ಟಿದವರು, 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಫ್ರಾಂಕ್‌ಫರ್ಟರರನ್ನು ಕಂಡು ಮಾತನಾಡಿದ್ದರು. ನ್ಯಾಯಸಮ್ಮತ ಕ್ರಮವೆಂಬ ಅಮೆರಿಕದ ಸೂತ್ರವನ್ನು ಹಿಡಿದು ಅಲ್ಲಿನ ನ್ಯಾಯಾಧೀಶರು 1905ರಲ್ಲಿ ರೊಟ್ಟಿ ಸುಡುವ ಕೆಲಸಗಾರರ ದುಡಿಮೆಯ ಹೊತ್ತನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸಿದ್ದ ಕಾನೂನನ್ನು ಹೊಡೆದುಹಾಕಿದ್ದರು. ಆ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಲ್ಲವೆಂದು ಫ್ರಾಂಕ್‌ಫರ್ಟರರು ಹೇಳಿದರು. ರಾಯರು ಮರಳಿ ಬಂದಮೇಲೆ 21ನೆಯ ವಿಧಿಯಲ್ಲಿ ಶಾಸನವಿಹಿತ ವಿಧಾನವೆಂಬ ಇಕ್ಕಟ್ಟಾದ ಮಾತು ಬಂತು. ಅದರಿಂದ ಪ್ರಾಣ ಮತ್ತು ದೇಹಸ್ವಾತಂತ್ರ್ಯದ ಕಾಪು ತೆಳ್ಳಗಾಯಿತೆಂದು ದೂರುವವರುಂಟು. ಆ ದೂರಿನಲ್ಲಿ ಹುರುಳಿದೆ.

ಪಾಟ್ನಾ ತೀರ್ಪಿನ ಪರಿಣಾಮವಾಗಿ 1951ರ ಜೂನ್ 18ರಂದು ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದಿತು. ಅದರಿಂದ ಒಂಬತ್ತನೆಯ ಅನುಸೂಚಿ ಹುಟ್ಟಿತು. ಅದರಲ್ಲಿ ಹೆಸರಿಸಿದ ಭೂಶಾಸನಗಳನ್ನು ಮೂಲಭೂತ ಹಕ್ಕಿನ ಆಧಾರದಿಂದ ಪ್ರಶ್ನಿಸುವಂತಿಲ್ಲ. ಕಾಗೋಡಿನಲ್ಲಿ ನೇಗಿಲು ಇಳಿದು ಸರಿಯಾಗಿ ಎರಡು ತಿಂಗಳು. ದಿಲ್ಲಿಯ ಶಾಸಕರಿಗೆ ಕಾಗೋಡು ಕಾರಣವಾಯಿತೆಂದು ಯಾರೂ ಹೇಳಲಾರರು. ಒಂದೇ ಪ್ರಶ್ನೆ ಗದ್ದೆಯಲ್ಲಿಯೂ ಸಂಸತ್ತಿನಲ್ಲಿಯೂ ಏಕಕಾಲದಲ್ಲಿ ಎದ್ದಿತ್ತೆಂದು ಹೇಳಿದರೆ ಸಾಕು.

ಸತ್ಯಾಗ್ರಹವು ತಕ್ಷಣಕ್ಕೆ ಗೆಲ್ಲಲಿಲ್ಲ. ನೂರಾರು ಜನ ಸೆರೆಮನೆ ಕಂಡರು. ಆದರೆ ಕೆಲವೇ ತಿಂಗಳ ಬಳಿಕ ನಡೆದ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಕಂದಾಯದ ಪುಸ್ತಕವನ್ನು ಯಾರೂ ಕೇಳಲಿಲ್ಲ. ಗದ್ದೆಯಿಲ್ಲದವನಿಗೂ ಒಂದು ಮತ, ಗದ್ದೆಯ ಒಡೆಯನಿಗೂ ಒಂದೇ ಮತ. ಸಮಕ್ಕೆ ಗೀಚಿದ ಕೊಳಗವೊಂದು ಆ ಸೀಮೆಗೆ ಬಂದುದು ಅಂದೇ. 1952ರಲ್ಲಿ ಸಾಗರ ಹೊಸನಗರದ ಮತದಾರರು ಗೋಪಾಲಗೌಡರನ್ನು ಆರಿಸಿ ಕಳುಹಿಸಿದರು. ಅದೇ ವರ್ಷ ಮೈಸೂರಿನ ಗೇಣಿ ಶಾಸನವೂ ಬಂತು. ಎರಡು ದಶಕಗಳ ಮೇಲೆ, 1972ರಲ್ಲಿ, ಕಾಗೋಡು ಗ್ರಾಮದವರೇ ಆದ ಕಾಗೋಡು ತಿಮ್ಮಪ್ಪನವರು ಸಾಗರದಿಂದ ಶಾಸಕರಾದರು.

ದೇವರಾಜ ಅರಸರ ಸರ್ಕಾರ ಮಾಡಿದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿಯನ್ನೇ ಕಿತ್ತುಹಾಕಿತು. ಗೇಣಿಗೆ ಕೊಟ್ಟಿದ್ದ ಜಮೀನು ಆ ದಿನದಿಂದ ಸರ್ಕಾರದ್ದು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಯಿಂದ ಒಡೆತನ ಪಡೆಯಬೇಕು. ಆಗ ನಡೆದುದನ್ನು ನೆನೆದರೆ ಇಂದಿಗೂ ಕೆಲವು ಮನೆಗಳಲ್ಲಿ ನಿಟ್ಟುಸಿರು ಕೇಳುವುದು. ಈ ಪತ್ರಿಕೆಯ ವಾಚಕರಲ್ಲಿ ಪಡೆದವರ ಮಕ್ಕಳೂ ಕಳೆದುಕೊಂಡವರ ಮಕ್ಕಳೂ ಇರುವರು. ನೂರಾರು ಎಕರೆಯ ಒಡೆಯನಿಗೂ, ಉಳಲಾರದೆ ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಗೂ ಶಾಸನ ಒಂದೇ ಆಯಿತು. ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆಗೆ ಕೂತವರು ಸರ್ಕಾರ ನಾಮಕರಣ ಮಾಡಿದ ಸದಸ್ಯರು. ಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಮೇಲ್ಮನವಿಯೂ ಇಲ್ಲದೆ ಉಚ್ಚ ನ್ಯಾಯಾಲಯದ ರಿಟ್ಟೊಂದೇ ದಾರಿಯಾಗಿತ್ತು. ಉಳುವವನಿಗೆ ಭೂಮಿ ಸಿಕ್ಕಿದುದು ಧರ್ಮ. ಅಳೆಯುವ ಕೈ ಪಕ್ಷಪಾತದ ಶಂಕೆಗೆ ಆಸ್ಪದ ಕೊಡಬಾರದೆಂದು ಕಾಗೋಡಿನವರು ಹೇಳಿದ ಮಾತು ಈ ಮಂಡಳಿಗಳಿಗೂ ಅನ್ವಯಿಸುವುದಾಗಿತ್ತು. ಧರ್ಮಕಾರ್ಯವನ್ನು ಅವಸರದಿಂದ ಮಾಡಿದಲ್ಲಿ ಅದರ ಗಾಯ ಬೇಗ ಮಾಯುವುದಿಲ್ಲ.

ಹಾಗಾದರೆ ಬಹುಮತದ ಕೈಗೆ ಕೊಳಗ ಬಂದಮೇಲೆ ಅದು ಎಷ್ಟು ದೊಡ್ಡದಾಗಬಹುದು? ಈ ಪ್ರಶ್ನೆಗೆ ಉತ್ತರ ಬಂದುದೂ ಕನ್ನಡ ನೆಲದಿಂದಲೇ. ಕಾಸರಗೋಡಿನ ಬಳಿಯ ಎಡನೀರು ಮಠಾಧಿಪತಿಗಳಾದ ಕೇಶವಾನಂದ ಭಾರತೀ ಸ್ವಾಮಿಗಳು, ಯಕ್ಷಗಾನದ ಪೋಷಕರೆಂದು ಎಲ್ಲರಿಗೂ ಪರಿಚಿತರಾದವರು, ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುವುದೆಂದು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹದಿಮೂರು ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಒಂದು ಕಡೆಯಾಗಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಕೂಡದು. ಭೂಮಿಯ ವಿಷಯದಲ್ಲಿ ಸ್ವಾಮಿಗಳಿಗೆ ಅನುಕೂಲವಾಗಲಿಲ್ಲ. ಆಸ್ತಿಯ ಹಕ್ಕಾದರೂ ಮೂಲಭೂತ ಹಕ್ಕುಗಳ ಸಾಲಿನಲ್ಲಿ ಉಳಿಯಲಿಲ್ಲ. 1978ರ ನಲವತ್ತನಾಲ್ಕನೆಯ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆದು, ಸಾಧಾರಣ ಶಾಸನಬದ್ಧ ಹಕ್ಕನ್ನಾಗಿ 300ಎ ವಿಧಿಯಲ್ಲಿ ಇರಿಸಿತು. ಆದರೆ ಸ್ವಾಮಿಗಳು ಹೂಡಿದ ದಾವೆಯಿಂದ ದೇಶದ ಪ್ರತಿಯೊಬ್ಬ ಪ್ರಜೆಗೂ, ಕಾಗೋಡಿನ ಗೇಣಿದಾರನ ಮಕ್ಕಳಿಗೂ, ಒಂದು ಕಾವಲು ದೊರೆಯಿತು. ಅಮೆರಿಕದ ಸಂವಿಧಾನದಲ್ಲಿಯಾಗಲಿ ಅದರ ಭಾಷ್ಯಕಾರರಲ್ಲಿಯಾಗಲಿ ಇಷ್ಟು ಸ್ಪಷ್ಟವಾದ ರೂಪದಲ್ಲಿ ಈ ತತ್ತ್ವ ನೆಲೆಗೊಂಡಿಲ್ಲ.

ಕೇಶವಾನಂದ ಭಾರತೀ ಸ್ವಾಮಿಗಳು 2020ರ ಸೆಪ್ಟೆಂಬರಿನಲ್ಲಿ ದೇಹ ಬಿಟ್ಟರು. ಗೋಪಾಲಗೌಡರು ಗೇಣಿ ಹೋದುದನ್ನು ಕಾಣದೆ 1972ರಲ್ಲಿಯೇ ತೀರಿಕೊಂಡಿದ್ದರು. ಕೊಳಗದ ಅಧಿಕಾರ ಹೋದುದು ಗೇಣಿಗಿಂತ ಮೊದಲು: 1956ರ ತೂಕ ಅಳತೆಗಳ ಶಾಸನದಿಂದ ಕಿಲೋ ಲೀಟರುಗಳು ಬಂದುವು, ಮುದ್ರೆಯಿಲ್ಲದ ಪಾತ್ರೆಯಿಂದ ವ್ಯವಹಾರ ಮಾಡುವುದು ಅಪರಾಧವಾಯಿತು. ಮಲೆನಾಡಿನ ಹಳೆಯ ಮನೆಗಳ ಅಟ್ಟದ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಕೊಳಗ ಕಾಣಸಿಗುವುದು. ಎರಡು ಮನೆಗಳ ಕೊಳಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೀರು ಹೊಯ್ದು ನೋಡಿದರೆ ಅವು ಸಮವಾಗಿರುವುದು ಅಪರೂಪ.